ಫ್ಲ್ಯಾಕ್ ಹಾಡುಗಳು ಎಲ್ಲಿ ಹೋದವು?

ಹಳೆ ಲ್ಯಾಪ್‌ಟಾಪನ್ನು ಸ್ಪೀಕರಿಗೆ ಸಿಕ್ಕಿಸಿ ಹಾಲ್‌ನಲ್ಲಿ ಇಟ್ಟಿದ್ದೇನೆ. ಅದರಲ್ಲಿ ಓಡುವುದು ಎಂಪಿಡಿ, ಅಂದರೆ ಮ್ಯೂಸಿಕ್ ಪ್ಲೇಯರ್ ಡೀಮನ್. ಇದಕ್ಕೆ ಮುಖವೇ ಇಲ್ಲ. ಹಿಂದೆ ಕೂತು ಹಾಡುತ್ತದೆ. ನನ್ನ ಫೋನು 6600ನೇ ಪೋರ್ಟಿಗೆ ಹೋಗಿ 'ಮುಂದಿನದು ಹಾಕು' ಅನ್ನುತ್ತದೆ, ಅಷ್ಟೇ.

ಹೊಸ ಆವೃತ್ತಿ ಬೇಕಿತ್ತು, ಡೆಬಿಯನ್‌ಗೆ (ಇದೊಂದು ಲಿನಕ್ಸ್ ವ್ಯವಸ್ಥೆ) ನಾನೇ ಪ್ಯಾಕೇಜ್ ಮಾಡಿದೆ. ಬಿಲ್ಡ್, ಅಂದರೆ ಮೂಲ ಕೋಡಿನಿಂದ ಪ್ರೋಗ್ರಾಂ ಕಟ್ಟುವ ಕೆಲಸ, ಒಂದೇ ಏಟಿಗೆ ಮುಗಿಯಿತು. ಆಗಲೇ ಅನುಮಾನ ಬರಬೇಕಿತ್ತು, ಅಲ್ವಾ? ಎಂಪಿ3 ಎಲ್ಲ ಹಾಡಿದವು. ಅಪ್ಪನ ಕ್ಯಾಸೆಟ್‌ಗಳಿಂದ ಇಳಿಸಿಕೊಂಡ ಫ್ಲ್ಯಾಕ್ (ಗುಣಮಟ್ಟ ಕಳೆಯದೆ ಸದ್ದು ಉಳಿಸುವ ಮಾದರಿ) ಫೈಲುಗಳು ಮಾತ್ರ ಪಟ್ಟಿಯಲ್ಲೇ ಇಲ್ಲ!

ಫೋಲ್ಡರಿನ ಪರ್ಮಿಷನ್ ಅಂದುಕೊಂಡು ಅರ್ಧ ರಾತ್ರಿ ಸುಮ್ನೆ ಹಾಳು ಮಾಡಿದೆ. ಕೊನೆಗೆ ವರ್ಷನ್ ಕೇಳುವ ಕಮಾಂಡ್ ಹೊಡೆದರೆ, ಡಿಕೋಡರ್‌ಗಳ (ಹಾಡಿನ ಫೈಲನ್ನು ಬಿಡಿಸಿ ಓದುವ ಭಾಗಗಳ) ಸಾಲಿನಲ್ಲಿ ಫ್ಲ್ಯಾಕ್ ಹೆಸರೇ ಇಲ್ಲ. ಬಿಲ್ಡಿಗೆ ಏನೇನು ಬೇಕು ಅಂತ ಪಟ್ಟಿ ಮಾಡುವ ಕಂಟ್ರೋಲ್ ಫೈಲಿನಲ್ಲಿ ಫ್ಲ್ಯಾಕ್ ಲೈಬ್ರರಿಯ ಡೆವ್ ಪ್ಯಾಕೇಜ್ (ಬಿಲ್ಡ್ ಮಾಡುವಾಗ ಬೇಕಾಗುವ ಫೈಲುಗಳು) ಬರೆಯೋದನ್ನೇ ಮರೆತಿದ್ದೆ. ಎಫ್‌ಎಫ್‌ಎಂಪೆಗ್ ಅನ್ನುವ, ಹಲವು ಮಾದರಿ ಓದಬಲ್ಲ ಲೈಬ್ರರಿ ಇದ್ದಿದ್ದರೆ ಅದಾದರೂ ಹಾಡಿಸುತ್ತಿತ್ತು. ಭಾರ ಅಂತ ನಾನೇ ಕೈಬಿಟ್ಟಿದ್ದೆ. ಬಿಲ್ಡ್ ನಡೆಸುವ ಸಾಧನವಾದ ಮೆಸನ್‌ನಲ್ಲಿ ಆಯ್ಕೆ 'ಆಟೋ' ಅಂತಿದ್ದರೆ, ಲೈಬ್ರರಿ ಸಿಗದಿದ್ದಾಗ ಬಿಲ್ಡ್ ನಿಲ್ಲೋದಿಲ್ಲ. ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಈಗ 'ಎನೇಬಲ್ಡ್' ಅಂತ ಬರೆದಿದ್ದೇನೆ. ಇನ್ನು ಮರೆತರೆ ಅಲ್ಲೇ ಬೈಯುತ್ತದೆ.

ಮತ್ತೆ ಬಿಲ್ಡ್ ಮಾಡಿ ಹಾಕಿದಾಗ ಮೊದಲು ಕೇಳಿಸಿದ್ದು ಕ್ಯಾಸೆಟ್ಟಿನ ಆ 'ಸ್ಸ್...' ಸದ್ದು. ಅಪ್ಪ ಒಳಗಿನಿಂದಲೇ, "ಸ್ವಲ್ಪ ಜೋರು ಮಾಡೋ" ಅಂದರು.