ನಾಲ್ಕು ಸೀಟಿದೆ, ಉಪ್ಪಿನಕಾಯಿಗೆ ಜಾಗವಿಲ್ಲ

ಡಲ್ಲಾಸ್ ಕಡೆಯ ಕನ್ನಡದವರ ಮನೆಗೆ ಊಟಕ್ಕೆ ಹೋದರೆ, ಪಾಯಸ ಬರುವಷ್ಟರಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: "ಸೆಸ್ನಾ ಕಂಪನಿಯ ಹಳೇ ಪುಟ್ಟ ವಿಮಾನ ಒಂದು ಪಿಕಪ್ ಟ್ರಕ್ಕಿನ ದುಡ್ಡಿಗೆ ಸಿಗುತ್ತಂತೆ, ಅಲ್ವಾ? ಫ್ಯಾಮಿಲಿ ಓಡಾಟಕ್ಕೆ ನಾವೂ ಒಂದು ತಗೊಳ್ಳೋಣವಾ?" ಊರಿನ ನೆಂಟರದು ಬೇರೆಯದೇ ಪ್ರಶ್ನೆ: "ಅದರಲ್ಲೇ ಊರಿಗೆ ಬರ್ತೀಯೇನೋ?" ಇಲ್ಲ ಚಿಕ್ಕಪ್ಪ, ಐದು ಗಂಟೆಯೊಳಗೆ ಟ್ಯಾಂಕ್ ಖಾಲಿ.

ಮೊದಲನೆಯವರಿಗೆ ನನ್ನ ಉತ್ತರ ಇಷ್ಟೇ. ಬೆಲೆ ಆಮೇಲೆ ನೋಡೋಣ, ಮೊದಲು ಮನೆಯವರನ್ನೆಲ್ಲ ತೂಕದ ಮಷಿನ್ ಮೇಲೆ ನಿಲ್ಲಿಸಿ.

ನಮ್ಮದು 1975ರ ಸೆಸ್ನಾ 172. ಈ ಮಾದರಿ 1956ರಿಂದ ಮಾರುಕಟ್ಟೆಯಲ್ಲಿದೆ, 40 ಸಾವಿರಕ್ಕೂ ಜಾಸ್ತಿ ತಯಾರಾಗಿವೆ. ಹಾಗಾಗಿ ಬಿಡಿಭಾಗವೂ ಸಿಗುತ್ತದೆ, ರಿಪೇರಿ ಗೊತ್ತಿರುವವರೂ ಸಿಗುತ್ತಾರೆ. ಆದರೆ ಹಾರುವಾಗ ಒಟ್ಟು ತೂಕ 2300 ಪೌಂಡ್ ಮೀರುವಂತಿಲ್ಲ. ನಮ್ಮ ವಿಮಾನದ ಖಾಲಿ ತೂಕವೇ 1450. ಉಳಿದದ್ದು 850. ಬಳಸಬಹುದಾದ ಪೆಟ್ರೋಲು 38 ಗ್ಯಾಲನ್, ಗ್ಯಾಲನ್ನಿಗೆ 6 ಪೌಂಡ್, ಅಲ್ಲಿಗೆ 228 ಹೋಯಿತು. ಇನ್ನು 622. ನಾವಿಬ್ಬರು, ಚಿಕ್ಕ ಮಕ್ಕಳಿಬ್ಬರು ಹೋದರೆ ಆರಾಮು. ಅದೇ ನಾನು, ಹೆಂಡತಿ, ಅಪ್ಪ, ಅಮ್ಮ ಕೂತರೆ 610. ಉಳಿಯುವುದು 12 ಪೌಂಡ್, ಅಂದರೆ ಐದೂವರೆ ಕೆಜಿ. ನಮ್ಮಮ್ಮನ ಕೈಚೀಲವೇ ಅದಕ್ಕಿಂತ ಭಾರ! ಪೆಟ್ರೋಲು ಕಮ್ಮಿ ತುಂಬಿಸಿ ದಾರಿಯಲ್ಲಿ ಒಮ್ಮೆ ಇಳಿಯಬಹುದು. ಆದರೆ ಟೆಕ್ಸಸ್ ಬೇಸಿಗೆಯ ಮಧ್ಯಾಹ್ನ ಬಿಸಿ ಗಾಳಿ ತೆಳ್ಳಗಾಗಿ, ಎಂಜಿನ್ನಿಗೂ ರೆಕ್ಕೆಗೂ ಕಸುವು ಇಳಿದಿರುತ್ತದೆ. ಆಗ ಲೆಕ್ಕದ ಅಂಚಿಗೆ ಹೋಗಲು ನನಗೆ ಧೈರ್ಯವಿಲ್ಲ.

ಇದಕ್ಕಿಂತ ಮುಂಚೆ ಇನ್ನೊಂದು ವಿಮಾನಕ್ಕೆ ಮನಸ್ಸು ಕೊಟ್ಟಿದ್ದೆ. ಮಿರಿಮಿರಿ ಬಣ್ಣ, ಹೊಸ ಸೀಟು. ಎಂಜಿನ್ ಓವರ್‌ಹಾಲ್ ಆದಮೇಲೆ, ಅಂದರೆ ಪೂರ್ತಿ ಬಿಚ್ಚಿ ಸರಿಮಾಡಿ ಜೋಡಿಸಿದ ಮೇಲೆ, ಬರೀ 400 ಗಂಟೆ ಓಡಿತ್ತು. ಲೈಕಮಿಂಗ್ ಕಂಪನಿಯ ಇಂಥ ಎಂಜಿನ್ನಿಗೆ ಮುಂದಿನ ಓವರ್‌ಹಾಲ್‌ವರೆಗೆ ಕಂಪನಿ ಹೇಳುವ ಲೆಕ್ಕ 2000 ಗಂಟೆ. ಕಾರಾಗಿದ್ದರೆ ಆವತ್ತೇ ಅಡ್ವಾನ್ಸ್ ಕೊಟ್ಟು ಬರುತ್ತಿದ್ದೆ. ಮಾರುವವರಿಗೆ ಸಂಬಂಧವೇ ಇಲ್ಲದ ಒಬ್ಬ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗಿದ್ದೇ ಪುಣ್ಯ. ಆತ ಬಣ್ಣದ ಕಡೆ ತಿರುಗಿಯೂ ನೋಡಲಿಲ್ಲ, ಹಾರಾಟ, ರಿಪೇರಿ ಎಲ್ಲ ಬರೆದಿಡುವ ಲಾಗ್‌ಬುಕ್ ಕೇಳಿದ. ಕೊನೆಯ ಆರು ವರ್ಷದಲ್ಲಿ ಅದು ಹಾರಿದ್ದು ಹತ್ತಿಪ್ಪತ್ತು ಗಂಟೆ. ಆಮೇಲೆ ಆಯಿಲ್ ಫಿಲ್ಟರ್ ಕತ್ತರಿಸಿ, ಒಳಗಿನ ಕಾಗದ ಬಿಡಿಸಿ ಬಿಸಿಲಿಗೆ ಹಿಡಿದ. ಲೋಹದ ಚೂರುಗಳು ಮಿನುಗಿದವು. ಈ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್, ಅಂದರೆ ವಾಲ್ವುಗಳನ್ನು ತೆರೆಸುವ ದಂಡ, ಮೇಲುಗಡೆ ಇರುತ್ತದೆ. ಸುಮ್ನೆ ನಿಂತರೆ ಆಯಿಲ್ ಕೆಳಗೆ ಇಳಿದುಹೋಗುತ್ತದೆ, ತೇವ ತಗುಲಿ ತುಕ್ಕು ಹಿಡಿಯುತ್ತದೆ. ಮತ್ತೆ ಓಡಿಸಿದಾಗ ಸವೆಯುತ್ತದೆ. ಅಂದಿನಿಂದ "ಕಮ್ಮಿ ಓಡಿದೆ" ಎಂಬ ಜಾಹೀರಾತು ಕಂಡರೆ ನನಗೆ ಭಯ.

ಆಮೇಲೆ ತಗೊಂಡದ್ದು ಬಣ್ಣ ಮಾಸಿದ, ವಾರವಾರ ಹಾರುತ್ತಿದ್ದ ವಿಮಾನ. ಅದೂ ಒಬ್ಬನೇ ಅಲ್ಲ, ಮೂವರು ಸೇರಿ. ವಿಮಾನ ನಿಲ್ಲಿಸುವ ಹ್ಯಾಂಗರ್ ಬಾಡಿಗೆ, ಇನ್ಶೂರೆನ್ಸ್, ವರ್ಷಕ್ಕೊಮ್ಮೆ ಕಡ್ಡಾಯದ ತಪಾಸಣೆ ಮೂರು ಪಾಲಾಗುತ್ತವೆ. ಎಂಜಿನ್ನೂ ನಿಂತು ಕೊಳೆಯುವುದಿಲ್ಲ. ದುಡ್ಡು ಉಳಿಯುತ್ತಾ ಅಂದರೆ, ಉಳಿಯಲ್ಲ. ಗಂಟೆಗೆ ಎಂಟು ಗ್ಯಾಲನ್ ಕುಡಿಯುತ್ತದೆ, ಅದೂ ಕಾರಿನ ಪೆಟ್ರೋಲಿಗಿಂತ ದುಬಾರಿಯದು.

ಇನ್ನು ಮೋಡ. ಬರೀ ಪ್ರೈವೇಟ್ ಪೈಲಟ್ ಲೈಸೆನ್ಸ್ ಇದ್ದರೆ ಮೋಡದೊಳಗೆ ನುಗ್ಗುವಂತಿಲ್ಲ, ಅದಕ್ಕೆ ಹೊರಗೇನೂ ಕಾಣದಿದ್ದರೂ ಮೀಟರ್ ನೋಡಿಕೊಂಡೇ ಹಾರಿಸುವ ಅರ್ಹತೆ, ಇನ್‌ಸ್ಟ್ರುಮೆಂಟ್ ರೇಟಿಂಗ್, ಬೇಕು. ಅದು ಇದ್ದರೂ ಗುಡುಗು ಮಳೆಯ ಹತ್ತಿರ ಇಂಥ ವಿಮಾನ ಸುಳಿಯಬಾರದು. ಒಮ್ಮೆ ಭಾನುವಾರ ವಾಪಸ್ ಬರಬೇಕಾದವರು ಮಂಗಳವಾರ ಬಂದೆವು. ಎರಡು ರಾತ್ರಿ ಮೋಟೆಲ್, ಮಕ್ಕಳಿಗೆ ಖುಷಿಯೋ ಖುಷಿ, ನನಗೆ ಆಫೀಸಿನ ಫೋನು.

ಕಳೆದ ಸಲ ಅಪ್ಪ ಅಮ್ಮ ಬಂದಾಗ ಹ್ಯೂಸ್ಟನ್ ಪಕ್ಕದ ಪೇರ್‌ಲ್ಯಾಂಡಿನ ಮೀನಾಕ್ಷಿ ದೇವಸ್ಥಾನಕ್ಕೆ ಹೊರಟೆವು. ಆ ಊರಿಗೆ ಪುಟ್ಟ ವಿಮಾನ ನಿಲ್ದಾಣವೂ ಇದೆ. ಅಪ್ಪ, ಮಗ, ನಾನು ವಿಮಾನದಲ್ಲಿ. ಅಮ್ಮ, ಹೆಂಡತಿ, ಮಗಳು, ಜೊತೆಗೆ ಅಷ್ಟೂ ಬ್ಯಾಗು ಕಾರಿನಲ್ಲಿ. ನಾವು ಎರಡು ಗಂಟೆ ಚಿಲ್ಲರೆಯಲ್ಲಿ ಇಳಿದು, ಅವರಿಗಾಗಿ ಕಾಯುತ್ತ ಕೂತೆವು. ಮಗ ಹಸಿವು ಅಂದ. ಪುಳಿಯೋಗರೆ ಡಬ್ಬಿ ಎಲ್ಲಿ ಅಂತ ಅಪ್ಪ ಕೇಳಿದರು. ಅದು ಇನ್ನೂ ಹೈವೇ ಮೇಲಿತ್ತು.