ಸದರ್ನ್ ಆಲ್ಪ್ಸ್ ಬೆನ್ನಿಗಿನ ಗಾಳಿಯ ಅಲೆಯಲ್ಲಿ

ಹಾರುವಷ್ಟು ಹೊತ್ತೂ ಗ್ಲೈಡರ್, ಎಂದರೆ ಇಂಜಿನ್ ಇಲ್ಲದ ವಿಮಾನ, ಇಳಿಯುತ್ತಲೇ ಇರುತ್ತದೆ. ತನ್ನ ಸುತ್ತಲಿನ ಗಾಳಿಯೊಳಗೆ ಅದು ಸದಾ ಕೆಳಗೆ ಜಾರುತ್ತದೆ. ಆದರೆ ಅದು ಜಾರುವುದಕ್ಕಿಂತ ವೇಗವಾಗಿ ಆ ಗಾಳಿಯೇ ಏರುತ್ತಿದ್ದರೆ, ವಿಮಾನವೂ ಅದರೊಡನೆ ಏರುತ್ತದೆ. ಕಳೆದ ನವೆಂಬರಿನಲ್ಲಿ ಅಣ್ಣನ ಮಗನ ಮನೆಗೆಂದು ನ್ಯೂಜಿಲೆಂಡಿಗೆ ಹೋಗಿದ್ದಾಗ, ಅಲ್ಲಿನ ದಕ್ಷಿಣ ದ್ವೀಪದ ಓಮರಾಮದಲ್ಲಿ ಎರಡು ಆಸನಗಳ ಗ್ಲೈಡರಿನಲ್ಲಿ ಕುಳಿತು ಹಾರುವ ಭಾಗ್ಯ ನನ್ನದಾಯಿತು. ಬೆಳಗಾವಿಯ ಟಿಳಕವಾಡಿಯ ಮನೆಗೆ ಮರಳಿದಾಗ ಅವ್ವ ಕೇಳಿದ್ದು ಒಂದೇ: "ಇಂಜಿನ್ನ ಇಲ್ಲಂದ್ರ ಅದು ಮ್ಯಾಲ ಹೆಂಗ ಏರ್ತೈತಿ?" ಕೇಳಬೇಕಾದ ಪ್ರಶ್ನೆಯೇ ಅದು.

ಗಾಳಿ ಮೇಲೇರುವ ಎರಡು ಬಗೆಗಳನ್ನು ನಮ್ಮ ಜಿಲ್ಲೆಯಲ್ಲೇ ಕಾಣಬಹುದು. ಮುಂಗಾರಿನ ಪಡುವಣ ಗಾಳಿ ಯಳ್ಳೂರಿನ ರಾಜಹಂಸಗಡದ ಇಳಿಜಾರಿಗೆ ಬಡಿದು ಮೇಲಕ್ಕೆ ತಿರುಗುವಾಗ ಹದ್ದುಗಳು ರೆಕ್ಕೆ ಬಡಿಯದೆ ಕೋಟೆಯ ನೆತ್ತಿಯ ಮೇಲೆ ನಿಲ್ಲುತ್ತವೆ. ಏಪ್ರಿಲ್ ಮಧ್ಯಾಹ್ನಗಳಲ್ಲಿ ಬೈಲಹೊಂಗಲ, ಸವದತ್ತಿ ಕಡೆಯ ಉತ್ತ ಎರೆಹೊಲಗಳು ಕಾದಾಗ ಅವುಗಳ ಮೇಲಿನ ಗಾಳಿ ಹಗುರಾಗಿ ಏರುತ್ತದೆ. ಇದು ಥರ್ಮಲ್, ಹೊಲದಲ್ಲಿ ಧೂಳೆಬ್ಬಿಸುತ್ತ ಸುತ್ತುವ ಸುಂಟರಗಾಳಿ ಬಹಳ ಸಲ ಇದರದೇ ಬುಡ. ಪುಣೆಯ ಹಡಪ್ಸರದಲ್ಲಿ ಗ್ಲೈಡಿಂಗ್ ಕಲಿತವರು ಬಹುಮಟ್ಟಿಗೆ ನೆಚ್ಚಿದ್ದು ಥರ್ಮಲ್‌ಗಳನ್ನೇ.

ಮೂರನೆಯ ಬಗೆಗೆ ಎತ್ತರದ ಪರ್ವತಗಳೇ ಬೇಕು. ಖಾನಾಪುರದ ಬಳಿ ಮಲಪ್ರಭೆ ತುಂಬಿ ಹರಿಯುವಾಗ, ಮುಳುಗಿದ ಬಂಡೆಯನ್ನು ದಾಟಿದ ನೀರು ಅದರಾಚೆ ಎದ್ದು ಬಿದ್ದು ಅಲೆ ಕಟ್ಟುತ್ತದೆ. ನೀರು ಹರಿದುಹೋದರೂ ಅಲೆ ನಿಂತಲ್ಲೇ ಇರುತ್ತದೆ. ನ್ಯೂಜಿಲೆಂಡಿನ ಪಶ್ಚಿಮಕ್ಕಿರುವ ಟಾಸ್ಮನ್ ಸಮುದ್ರದ ಕಡೆಯಿಂದ ಬೀಸುವ ವಾಯವ್ಯ ಗಾಳಿ ದಕ್ಷಿಣ ದ್ವೀಪದ ಸದರ್ನ್ ಆಲ್ಪ್ಸ್ ಪರ್ವತಶ್ರೇಣಿಯನ್ನು ದಾಟಿ ಇಂಥದೇ ಅಲೆಗಳನ್ನು ಆಕಾಶದಲ್ಲಿ ಕಟ್ಟುತ್ತದೆ. ಅಲೆಯ ಏರುಬದಿಯಲ್ಲಿ ಗಾಳಿಗೆ ಮುಖಮಾಡಿದ ಗ್ಲೈಡರ್, ಗಾಳಿಯ ವೇಗ ತನ್ನ ವೇಗಕ್ಕೆ ಸಮವಾದರೆ, ನೆಲದ ಒಂದೇ ಜಾಗದ ಮೇಲೆ ನಿಂತು ಏರುತ್ತದೆ. ಅಲೆಯ ನೆತ್ತಿಯಲ್ಲಿ ಮೂಡುವ ಮಸೂರದಾಕಾರದ ಮೋಡ ಕೂಡ ಕದಲುವುದಿಲ್ಲ. ಒಂದು ಅಂಚಿನಲ್ಲಿ ಹುಟ್ಟುತ್ತ, ಇನ್ನೊಂದು ಅಂಚಿನಲ್ಲಿ ಕರಗುತ್ತ ಇರುತ್ತದೆ. 1933ರಲ್ಲಿ ಜರ್ಮನಿಯ ವೋಲ್ಫ್ ಹಿರ್ಟ್ ಮೊದಲಾದ ಗ್ಲೈಡರ್ ಪೈಲಟ್‌ಗಳು ಈ ಬಗೆಯ ಅಲೆಯನ್ನು ಗುರುತಿಸಿದರು.

ಅಂದು ಇಂಜಿನ್ ಇರುವ ಪುಟ್ಟ ವಿಮಾನವೊಂದು ನಮ್ಮನ್ನು ಹಗ್ಗ ಕಟ್ಟಿ ಎಳೆದೊಯ್ದಿತು. ಅಲೆಯ ಅಡಿಯಲ್ಲಿ ಗಾಳಿ ಉರುಳುತ್ತಿರುತ್ತದೆ. ಅದನ್ನು ರೋಟರ್ ಎನ್ನುತ್ತಾರೆ. ಅದರೊಳಗೆ ಹಾಯುವಾಗ ಬೆಲ್ಟ್ ಬಿಗಿದಿದ್ದರೂ ಮೈ ಆಸನದಿಂದ ಎತ್ತಿ ಕುಕ್ಕಿದಂತಾಗುತ್ತಿತ್ತು. ಕಣ್ಣೆದುರಿನ ಪಾರದರ್ಶಕ ಮುಚ್ಚಳದ ಹೊರಮೈಗೆ ಬೆರಳುದ್ದದ ಕೆಂಪು ಉಣ್ಣೆ ದಾರವನ್ನು ಟೇಪಿನಿಂದ ಅಂಟಿಸಿದ್ದರು. ದಾರ ನೇರವಾಗಿದ್ದರೆ ವಿಮಾನ ಗಾಳಿಗೆ ನೇರವಾಗಿದೆ ಎಂದರ್ಥ. ಓರೆಯಾದರೆ ಪೈಲಟ್ ಪೆಡಲ್ ಒತ್ತಿ ಸರಿಪಡಿಸಬೇಕು. ರೋಟರಿನಲ್ಲಿ ಎಡಕ್ಕೂ ಬಲಕ್ಕೂ ಹೊರಳಾಡುತ್ತಿದ್ದ ಆ ದಾರ, ಹಗ್ಗ ಬಿಟ್ಟು ಸ್ವಲ್ಪ ಮುಂದೆ ಹೋದೊಡನೆ ಗಾಜಿಗೆ ಒತ್ತಿಕೊಂಡು ಗೆರೆ ಎಳೆದಷ್ಟು ನೇರವಾಯಿತು. ಕುಲುಕಾಟ ಪೂರ್ತಿ ನಿಂತಿತು. ಏರಿಳಿತ ತೋರಿಸುವ ವೇರಿಯೋ ಮಾಪಕ ಬಿಡದೆ ಏರುದನಿ ಹಾಡತೊಡಗಿತು. ನಾವು ಅಲೆಯೊಳಗಿದ್ದೆವು!

ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿಕೊಂಡು 5,000 ಮೀಟರ್ ದಾಟಿದೆವು. ಬಲಗಡೆ ದೂರದಲ್ಲಿ 3,724 ಮೀಟರ್ ಎತ್ತರದ ಔರಾಕಿ ಶಿಖರ ನಮಗಿಂತ ಕೆಳಗಿತ್ತು. ಹಿಮನದಿಗಳು ಅರೆದ ಕಲ್ಲಿನ ನುಣುಪು ಹುಡಿಯಿಂದಾಗಿ ಪುಕಾಕಿ ಸರೋವರಕ್ಕೆ ಬಂದಿರುವ ಹಾಲುನೀಲಿ ಬಣ್ಣವನ್ನು ಅಷ್ಟು ಮೇಲಿನಿಂದಲೇ ನೋಡಬೇಕು. 2018ರ ಸೆಪ್ಟೆಂಬರ್ 2ರಂದು ಜಿಮ್ ಪೇನ್ ಮತ್ತು ಟಿಮ್ ಗಾರ್ಡ್ನರ್ ಅರ್ಜೆಂಟೀನಾದ ಆಂಡಿಸ್ ಬಳಿ ಇಂಥ ಅಲೆಯನ್ನೇ ಹಿಡಿದು, ಪರ್ಲಾನ್ 2 ಗ್ಲೈಡರನ್ನು 22,000 ಮೀಟರಿಗೂ ಮೇಲೆ, ಎಂದರೆ ಪ್ರಯಾಣಿಕರ ಜೆಟ್‌ಗಳು ಹಾರುವ ಎತ್ತರದ ಸುಮಾರು ಇಮ್ಮಡಿಗೆ ಒಯ್ದರು. ಮನುಷ್ಯ ಗಾಳಿಯನ್ನು ಇಷ್ಟು ಚೆನ್ನಾಗಿ ಓದಬಲ್ಲ ಎಂಬುದು ನನಗೆ ಇಂದಿಗೂ ರೋಮಾಂಚನ ತರುತ್ತದೆ.

ಒಳ್ಳೆಯ ಗ್ಲೈಡರ್ 1 ಕಿ.ಮೀ. ಇಳಿಯುವಷ್ಟರಲ್ಲಿ 40 ಕಿ.ಮೀ. ಮುಂದೆ ಸಾಗುತ್ತದೆ. ನಿಶ್ಚಲ ಗಾಳಿಯಲ್ಲಿ ಬೆಳಗಾವಿಯ ನೆಲದಿಂದ 5 ಕಿ.ಮೀ. ಮೇಲಿದ್ದವರು ವಿಜಯಪುರ ತಲುಪಬಹುದು. ಆದರೆ ಪರ್ವತಗಳ ನಡುವೆ ಈ ಲೆಕ್ಕವೊಂದನ್ನೇ ನಂಬುವಂತಿಲ್ಲ, ಏಕೆಂದರೆ ಅಲೆಯ ಇಳಿಬದಿಗೆ ಸಿಕ್ಕರೆ ಗಳಿಸಿದ ಎತ್ತರ ಕೆಲವೇ ನಿಮಿಷಗಳಲ್ಲಿ ಕರಗುತ್ತದೆ. ಇಳಿಯುವಾಗ ತಪ್ಪಿದರೆ ಮತ್ತೊಂದು ಸುತ್ತು ಬರಲು ಇಂಜಿನ್ನೂ ಇರುವುದಿಲ್ಲ. ಅದಕ್ಕೇ ನಮ್ಮ ಪೈಲಟ್ ಬೇಕಾದದ್ದಕ್ಕಿಂತ ಬಹಳಷ್ಟು ಎತ್ತರ ಕೈಯಲ್ಲಿರುವಾಗಲೇ ಓಮರಾಮದತ್ತ ತಿರುಗಿ, ಮೈದಾನದ ಮೇಲೆ ಬಂದ ನಂತರವಷ್ಟೇ ರೆಕ್ಕೆಗಳ ಮೇಲಿನ ಏರ್‌ಬ್ರೇಕ್ ತೆರೆದು ಹೆಚ್ಚಿನ ಎತ್ತರವನ್ನು ಕಳೆದರು.