ನುಂಗುವುದನ್ನೂ ಮರೆತ ಅಮ್ಮ

ಅಮ್ಮ ತೀರಿಕೊಂಡು ಇಂದಿಗೆ ಒಂದು ತಿಂಗಳಾಯಿತು. ಮರೆವಿನ ಕಾಯಿಲೆಯಿಂದ ಯಾರಾದರೂ ಸಾಯುತ್ತಾರೆಯೇ ಎಂದು, ಮೂಡಿಗೆರೆಯ ನಮ್ಮ ಮನೆಗೆ ಮಾತನಾಡಿಸಲು ಬಂದವರಲ್ಲಿ ಹಲವರು ಕೇಳಿದರು. ಎಂಟು ವರ್ಷಗಳ ಹಿಂದೆ, ಅಮ್ಮನಿಗೆ ಕಾಯಿಲೆ ಶುರುವಾದಾಗ, ನನಗೂ ಅದು ತಿಳಿದಿರಲಿಲ್ಲ.

ಡಿಮೆನ್ಷಿಯಾ ಎಂಬ ಈ ಮರೆವಿನ ಕಾಯಿಲೆಯಲ್ಲಿ ಮೆದುಳಿನ ಜೀವಕೋಶಗಳು ನಶಿಸುತ್ತ ಹೋಗಿ, ಮೊದಲು ಹೆಸರು, ಮುಖಗಳು ಮರೆತು, ಕೊನೆಯ ಹಂತದಲ್ಲಿ ನಡೆಯುವುದು, ಕುಳಿತುಕೊಳ್ಳುವುದು, ಕಡೆಗೆ ನುಂಗುವುದು ಕೂಡ ದೇಹಕ್ಕೆ ಆಗದಂತಾಗುತ್ತದೆ. ಬಾಯಿಗಿಟ್ಟ ಒಂದು ಚಮಚ ರಾಗಿ ಗಂಜಿ ಅಮ್ಮನ ಕೆನ್ನೆಯೊಳಗೆ ಹಾಗೆಯೇ ನಿಂತಿರುತ್ತಿತ್ತು. ನಾನು ಗಂಟಲನ್ನು ಮೆಲ್ಲಗೆ ಸವರುತ್ತ "ನುಂಗಮ್ಮ, ನುಂಗು" ಎನ್ನುತ್ತಿದ್ದೆ, ಅವರು ನನ್ನನ್ನೇ ನೋಡುತ್ತಿದ್ದರು. ನೀರು ಕುಡಿಸಿದರೆ ಕೆಮ್ಮು ಬರುತ್ತಿತ್ತು. ಹೀಗೆ ಆಹಾರ, ನೀರು, ಎಂಜಲು ಸಹ ಅನ್ನನಾಳಕ್ಕೆ ಹೋಗದೆ ಶ್ವಾಸನಾಳಕ್ಕೆ ಜಾರಿದಾಗ ಶ್ವಾಸಕೋಶದಲ್ಲಿ ಸೋಂಕು ತಗಲಿ ನ್ಯುಮೋನಿಯಾ ಆಗುತ್ತದೆ. ಈ ಕಾಯಿಲೆಯ ಬಹಳಷ್ಟು ಸಾವುಗಳು ಸಂಭವಿಸುವುದು ಹೀಗೆಯೇ. ಮೂತ್ರದ ಸೋಂಕು, ಹಾಸಿಗೆ ಹುಣ್ಣು ಬೇರೆ ಇರುತ್ತವೆ.

ಮೂಗಿನಿಂದ ನಳಿಕೆ ಹಾಕಿಸಿ ಊಟ ಕೊಡಿ ಎಂದು ನೆಂಟರು ಒತ್ತಾಯಿಸಿದರು. ಈ ಹಂತದಲ್ಲಿ ನಳಿಕೆಯಿಂದ ಆಯುಷ್ಯ ಹೆಚ್ಚುವುದಿಲ್ಲ, ನ್ಯುಮೋನಿಯಾವೂ ತಪ್ಪುವುದಿಲ್ಲ, ಕೈತುತ್ತಿನಲ್ಲಿ ಸಾಧ್ಯವಾದಷ್ಟು ಕೊಡಿ ಎಂದು ಹಾಸನದ ವೈದ್ಯರು ಸಮಾಧಾನದಿಂದ ತಿಳಿಸಿ ಹೇಳಿದರು. ಅಮ್ಮನನ್ನು ಉಪವಾಸ ಕೆಡವಿದೆ ಎಂಬ ಅಳುಕಿನಿಂದ ನನ್ನನ್ನು ಬಿಡಿಸಿದ ಆ ಮಾತಿಗೆ ನಾನು ಋಣಿ.

ಕೊನೆಯ ನಾಲ್ಕು ದಿನ, ಒಣಗಿದ ತುಟಿಗೆ ಒದ್ದೆ ಹತ್ತಿಯನ್ನು ಒತ್ತುತ್ತ ಪಕ್ಕದಲ್ಲಿ ಕುಳಿತಿದ್ದೆ. ವೈದ್ಯರು ಬರೆದುಕೊಟ್ಟ ಚೀಟಿಯಲ್ಲಿ ಸಾವಿನ ಕಾರಣ ನ್ಯುಮೋನಿಯಾ ಎಂದಿದೆ. ಎಂಟು ವರ್ಷಗಳ ಕಾಯಿಲೆಯ ಹೆಸರು ಅದರಲ್ಲಿ ಎಲ್ಲಿಯೂ ಇಲ್ಲ.